ನೀಲಿಯ ಚುಕ್ಕೆಯೂ ನಭೋಯಾತ್ರೆಯೂ

ಮಾನವನು ಭೂಮಿಯಾಚೆ ಹೋಗಿ ಅನ್ಯಗ್ರಹಗಳಲ್ಲಿ ನೆಲೆಸಬೇಕೆಂಬ ಮಾತು ಈಗ ಕೇವಲ ಕಥೆಗಾರರ ಕಲ್ಪನೆಯಾಗಿ ಉಳಿದಿಲ್ಲ. ರಾಜ್ಯಗಳ ಬೊಕ್ಕಸವೂ ಧನಿಕರ ಸಂಪತ್ತೂ ಆ ಉದ್ಯಮಕ್ಕೆ ಹರಿಯುತ್ತಿವೆ. ನಮ್ಮ ಬೆಂಗಳೂರಿನಲ್ಲಿಯೇ 2019ರಲ್ಲಿ ಮಾನವಸಹಿತ ಗಗನಯಾನಕ್ಕೆಂದು ಪ್ರತ್ಯೇಕ ಕೇಂದ್ರವೊಂದು ಸ್ಥಾಪಿತವಾಯಿತು. ಇಂತಹ ಕಾಲದಲ್ಲಿ, ಈ ಪಕ್ಷವನ್ನು ಬಹು ಸೊಗಸಾಗಿ ಪ್ರತಿಪಾದಿಸಿದ ಗ್ರಂಥವೊಂದನ್ನು ಮತ್ತೊಮ್ಮೆ ಪರೀಕ್ಷಿಸುವುದು ಅನುಚಿತವಾಗಲಾರದು. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ನರು (1934–1996) 1994ರಲ್ಲಿ ಪ್ರಕಟಿಸಿದ ‘ಪೇಲ್ ಬ್ಲೂ ಡಾಟ್’, ಎಂದರೆ ‘ಮಸುಕು ನೀಲಿಯ ಚುಕ್ಕೆ’, ಎಂಬುದೇ ಆ ಗ್ರಂಥ.

ಗ್ರಂಥದ ಹೆಸರಿಗೆ ಮೂಲವಾದದ್ದು ಒಂದು ಛಾಯಾಚಿತ್ರ. 1977ರಲ್ಲಿ ಹೊರಟ ವಾಯೇಜರ್ 1 ಎಂಬ ನೌಕೆಯು ಗುರು ಶನಿಗಳನ್ನು ಸಂದರ್ಶಿಸಿ ಮುಂದೆ ಸಾಗಿದ ಮೇಲೆ, ಅದರ ಕ್ಯಾಮರಾವನ್ನು ಒಮ್ಮೆ ಹಿಂದಕ್ಕೆ ತಿರುಗಿಸಬೇಕೆಂದು ಸೇಗನ್ನರು ಅನೇಕ ವರ್ಷ ಒತ್ತಾಯಪಡಿಸಿದರು. ಕಡೆಗೆ 1990ರ ಫೆಬ್ರವರಿ 14ರಂದು, ಸುಮಾರು 600 ಕೋಟಿ ಕಿಲೋಮೀಟರು ದೂರದಿಂದ, ಸೌರಮಂಡಲದ 60 ಚಿತ್ರಗಳು ತೆಗೆಯಲ್ಪಟ್ಟುವು. ಅವುಗಳಲ್ಲೊಂದರಲ್ಲಿ, ಚದರಿದ ಬಿಸಿಲಿನ ಎಳೆಯೊಂದರ ನಡುವೆ, ಭೂಮಿಯು ಒಂದು ಬಿಂದುವಾಗಿ ಕಾಣುತ್ತದೆ. ಆ ಬಿಂದುವಿನ ಮುಂದೆ ನಿಂತು ಗ್ರಂಥಕರ್ತರು ಮಾನವನ ಗರ್ವವನ್ನು ಪ್ರಶ್ನಿಸುವ ಪುಟಗಳೇ ಈ ಕೃತಿಯ ಶಿಖರ. ಅಲ್ಲಿ ಉಪದೇಶದ ಆಡಂಬರವಿಲ್ಲ; ವಿಷಯವೇ ರಸವನ್ನು ಒದಗಿಸುತ್ತದೆ.

ಆದರೆ ಗ್ರಂಥದ ಮುಖ್ಯ ಸಮಸ್ಯೆಯೂ ಇಲ್ಲಿಯೇ ಹುಟ್ಟುತ್ತದೆ. ಇರುವುದು ಇದೊಂದೇ ಮನೆ, ಇದನ್ನು ಕಾಪಾಡಿಕೊಳ್ಳಿರಿ ಎಂದು ಚಿತ್ರವು ಹೇಳುವಂತಿದೆ. ಹೊರಡಿರಿ, ಬೇರೆ ಲೋಕಗಳಲ್ಲಿ ಬೀಡುಬಿಡಿರಿ ಎಂದು ಉತ್ತರಾರ್ಧವು ಕರೆಯುತ್ತದೆ. ಈ ಎರಡು ಮಾತುಗಳು ಒಂದಕ್ಕೊಂದು ಹೊಂದಿಕೊಳ್ಳುವುವೇ?

ಹೊಂದಿಸುವುದಕ್ಕಾಗಿ ಗ್ರಂಥಕರ್ತರು ಹೂಡುವ ಮೊದಲನೆಯ ವಾದವು ಮಾನವಸ್ವಭಾವವನ್ನು ಕುರಿತದ್ದು. ಮನುಷ್ಯಕುಲವು ತನ್ನ ಆಯುಷ್ಯದ ಬಹುಭಾಗವನ್ನು ಬೇಟೆಯಾಡುತ್ತ, ಗೆಡ್ಡೆಗೆಣಸುಗಳನ್ನು ಅಗೆಯುತ್ತ ಅಲೆದು ಕಳೆದಿದೆ; ಊರು ಕಟ್ಟಿ ನೆಲೆನಿಂತದ್ದು ಕಳೆದ ಸುಮಾರು ಹತ್ತು ಸಾವಿರ ವರ್ಷಗಳಲ್ಲಿ ಮಾತ್ರ; ಆದುದರಿಂದ ಹಾದಿಯ ಹಂಬಲವು ನಮ್ಮ ರಕ್ತದಲ್ಲಿಯೇ ಇದೆ ಎಂಬುದು ಅವರ ಅಭಿಪ್ರಾಯ. ಕೇಳಲು ಇದು ಹಿತವಾಗಿದೆಯಾದರೂ ಪ್ರಮಾಣವಾಗಿ ನಿಲ್ಲಲಾರದು. ಅಲೆಮಾರಿಯು ಹಂಬಲದಿಂದ ಮಾತ್ರವೇ ಹೊರಟವನಲ್ಲ. ಹಸಿವು, ಬರ, ಶತ್ರುಭಯಗಳೂ ಅವನನ್ನು ಅಟ್ಟಿದ್ದುವು. ಅದಕ್ಕಿಂತ ಮುಖ್ಯವಾಗಿ, ಅವನು ಹೋದೆಡೆಯಲ್ಲೆಲ್ಲ ಉಸಿರಾಡುವ ಗಾಳಿಯು ಅವನಿಗಾಗಿ ಕಾದಿತ್ತು. ಮಂಗಳನಲ್ಲಿ ವಾಯುವಿನ ಒತ್ತಡವು ಇಲ್ಲಿನದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಹಾಗೆಂದು ಸೇಗನ್ನರನ್ನು ಬರಿಯ ಕನಸುಗಾರರೆಂದು ಬಗೆಯಲಾಗದು. ಮಾನವರನ್ನು ಮಂಗಳನಲ್ಲಿಗೆ ಕಳುಹಿಸಲು ಸಾಮಾನ್ಯವಾಗಿ ಹೇಳುವ ಕಾರಣಗಳನ್ನು ಅವರು ಒಂದೊಂದಾಗಿ ತಕ್ಕಡಿಗೆ ಹಾಕುವರು. ಜ್ಞಾನಾರ್ಜನೆಯೇ ಉದ್ದೇಶವಾದರೆ ಯಂತ್ರಗಳು ಕಡಿಮೆ ವೆಚ್ಚದಲ್ಲಿ, ಪ್ರಾಣಾಪಾಯವಿಲ್ಲದೆ, ಆ ಕಾರ್ಯವನ್ನು ಮಾಡಬಲ್ಲುವು. ಹೊಸ ಉಪಕರಣಗಳು ದೊರೆಯುವುವೆಂಬುದು ಕಾರಣವಾದರೆ, ಅವುಗಳಿಗಾಗಿಯೇ ನೇರವಾಗಿ ಹಣ ಕೊಡುವುದು ಲೇಸು. ತಾವು ಪ್ರೀತಿಸಿದ ಪಕ್ಷದ ದೌರ್ಬಲ್ಯವನ್ನು ತಾವೇ ಎತ್ತಿ ತೋರಿಸುವ ಈ ಧೈರ್ಯವು ಪ್ರಚಾರಗ್ರಂಥಗಳಲ್ಲಿ ದುರ್ಲಭ.

ಇಷ್ಟೆಲ್ಲ ಕಳೆದ ಮೇಲೆ ಅವರ ಕೈಯಲ್ಲಿ ಉಳಿಯುವ ಬಲವಾದ ವಾದವೆಂದರೆ ಆತ್ಮರಕ್ಷಣೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದೆರಗಿದ ಕಾಯವೊಂದು ಭೂಮಿಯ ಜೀವಸಂಕುಲದ ಗತಿಯನ್ನೇ ಬದಲಿಸಿತು. ಗ್ರಂಥವು ಹೊರಬಂದ 1994ರ ಜುಲೈಯಲ್ಲಿಯೇ ಶೂಮೇಕರ್–ಲೆವಿ 9 ಎಂಬ ಧೂಮಕೇತುವಿನ ತುಂಡುಗಳು ಗುರುಗ್ರಹಕ್ಕೆ ಅಪ್ಪಳಿಸಿದುದನ್ನು ಲೋಕವೇ ಕಂಡಿತು. ಅಂತಹ ಆಘಾತವನ್ನು ತಪ್ಪಿಸಲು ನಭೋಯಾನವನ್ನು ಕಲಿಯದೆ ಗತ್ಯಂತರವಿಲ್ಲವೆಂದು ಸೇಗನ್ನರು ವಾದಿಸುವರು. ಒಡನೆಯೇ ಇದರ ಅಪಾಯವನ್ನೂ ಮುಂದಿಡುವರು. ಬಂಡೆಯನ್ನು ಭೂಮಿಯಿಂದ ಆಚೆಗೆ ತಿರುಗಿಸಬಲ್ಲವನು ಭೂಮಿಯ ಕಡೆಗೂ ತಿರುಗಿಸಬಲ್ಲನು. ಇದನ್ನು ವಿಶದಪಡಿಸಲು ಅವರು ಸಿಸಿಲಿಯ ಕಾಮರೀನವೆಂಬ ಪ್ರಾಚೀನ ಗ್ರೀಕ್ ಪಟ್ಟಣದ ಐತಿಹ್ಯವನ್ನು ತರುವರು. ವ್ಯಾಧಿಗೆ ಅಂಜಿದ ಪುರಜನರು, ದೈವವಾಣಿಯು ಬೇಡವೆಂದರೂ, ಊರಿನ ಪಕ್ಕದ ಜೌಗನ್ನು ಬತ್ತಿಸಿದರು. ಒಣಗಿದ ನೆಲದ ಮೇಲೆ ಶತ್ರುಸೈನ್ಯವು ನಡೆದುಬಂದಿತು. ದೃಷ್ಟಾಂತದ ಆಯ್ಕೆಯಲ್ಲಿ ಇದಕ್ಕಿಂತ ಹೆಚ್ಚಿನ ಔಚಿತ್ಯವನ್ನು ಬಯಸಲಾಗದು.

ಆದರೆ ಈ ವಾದವು ಸೇಗನ್ನರು ಬಯಸಿದಷ್ಟು ದೂರ ಸಾಗುವುದಿಲ್ಲವೆಂಬುದನ್ನು ಕಾಲವು ತೋರಿಸಿದೆ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ಎಂಬ ನೌಕೆಯು ಡೈಮಾರ್ಫಸ್ ಎಂಬ ಕಿರಿಯ ಕಾಯಕ್ಕೆ ಡಿಕ್ಕಿ ಹೊಡೆದು, ಅದರ ಪರಿಭ್ರಮಣಕಾಲವನ್ನು ಅರ್ಧ ಗಂಟೆಗೂ ಹೆಚ್ಚಾಗಿ ಕುಗ್ಗಿಸಿತು. ಆ ನೌಕೆಯಲ್ಲಿ ಮನುಷ್ಯರಾರೂ ಇರಲಿಲ್ಲ. ಭೂಮಿಯನ್ನು ಕಾಯಲು ಆಕಾಶವಿದ್ಯೆ ಬೇಕೆಂಬುದು ಇದರಿಂದ ಸ್ಥಿರವಾಯಿತು. ಅದಕ್ಕಾಗಿ ಆಕಾಶದಲ್ಲಿ ಊರು ಕಟ್ಟಬೇಕೆಂಬುದು ಸ್ಥಿರವಾಗಲಿಲ್ಲ.

ಯುದ್ಧ, ಸಾಂಕ್ರಾಮಿಕ ವ್ಯಾಧಿ ಮೊದಲಾದವುಗಳಿಂದ ಭೂಮಿಯು ಹಾಳಾದರೆ ಎರಡನೆಯ ನೆಲೆಯೊಂದು ಇರಬೇಡವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡನೆಯ ಮನೆಯು ಮೊದಲನೆಯದರ ಹಂಗಿಲ್ಲದೆ ಬದುಕಬಲ್ಲುದಾದರೆ ಮಾತ್ರ ಅದು ಆಶ್ರಯವೆನಿಸೀತು. ಗ್ರಂಥವು ಪ್ರಕಟವಾಗುವುದಕ್ಕೆ ಒಂದು ವರ್ಷ ಮುಂಚೆಯಷ್ಟೇ ಅರಿಜೋನದಲ್ಲಿ ಇಂತಹ ಒಂದು ಪರೀಕ್ಷೆಯು ಮುಗಿದಿತ್ತು. ಬಯೋಸ್ಫಿಯರ್ 2 ಎಂಬ ಗಾಜಿನ ಭವನದಲ್ಲಿ, 1991ರಿಂದ 1993ರ ವರೆಗೆ, ಎಂಟು ಮಂದಿ ಹೊರಗಿನ ಗಾಳಿಯ ಸಂಬಂಧವಿಲ್ಲದೆ ಇರಲು ಯತ್ನಿಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿ ಅಂಗಾರಾಮ್ಲವನ್ನು ಬಿಟ್ಟುವು. ಆ ಅಂಗಾರಾಮ್ಲವು ಕಾಂಕ್ರೀಟಿನಲ್ಲಿ ಸೇರಿಹೋಯಿತು. ನೂರಕ್ಕೆ ಸುಮಾರು 21 ಇದ್ದ ಆಮ್ಲಜನಕವು 14ರ ಆಸುಪಾಸಿಗೆ ಇಳಿಯಲು, ಹೊರಗಿನಿಂದ ತುಂಬಿಸಬೇಕಾಯಿತು. ಭೂಮಿಯ ಮೇಲೆಯೇ ಹೀಗಾದ ಬಳಿಕ ಮಂಗಳನ ಮಾತೇನು? 2000ದ ನವೆಂಬರಿನಿಂದ ಅಂತರಿಕ್ಷ ನಿಲ್ದಾಣದಲ್ಲಿ ಜನರು ಎಡೆಬಿಡದೆ ವಾಸಿಸುತ್ತಿರುವರು, ನಿಜ. ಅವರ ಬುತ್ತಿಯು ಭೂಮಿಯಿಂದಲೇ ಹೋಗುತ್ತದೆ.

ಆದುದರಿಂದ ಶೋಧನೆಯ ಪಕ್ಷವು ಗ್ರಂಥದಲ್ಲಿ ಗೆದ್ದಿದೆ. ವಸತಿಯ ಪಕ್ಷವು ಇನ್ನೂ ಸಾಧಿತವಾಗಿಲ್ಲ. ಅಸಾಧ್ಯವೆಂದು ಹೇಳುವುದು ದುಡುಕಾದೀತು. ಆದರೆ ಬೇರೊಂದು ಮನೆಯು ಸಿದ್ಧವಾಗುತ್ತಿದೆಯೆಂಬ ಭರವಸೆಯು ಇರುವ ಮನೆಯ ಸೂರು ಸೋರುವುದನ್ನು ಕಡೆಗಣಿಸಲು ನೆಪವಾಗಬಾರದು. ಈಗಿನ ಉತ್ಸಾಹಿಗಳು ಮರೆಯುವ ಈ ಎಚ್ಚರವನ್ನು ಸೇಗನ್ನರು ಮರೆಯಲಿಲ್ಲ. ಅನ್ಯಗ್ರಹಗಳನ್ನು ತಿದ್ದಿ ವಾಸಯೋಗ್ಯವಾಗಿ ಮಾಡುವ ವಿಚಾರವನ್ನು ಎತ್ತಿದಾಗ, ತನ್ನ ಲೋಕವನ್ನೇ ಕೆಡಿಸಿದ ಮಾನವನ ಕೈಗೆ ಮತ್ತೊಂದು ಲೋಕವನ್ನು ಒಪ್ಪಿಸಬಹುದೇ ಎಂದು ಅವರೇ ಕೇಳಿ, ಈ ಭೂಮಿಯನ್ನು ಸರಿಪಡಿಸುವುದನ್ನೇ ಅರ್ಹತೆಯ ಮೊದಲ ಪರೀಕ್ಷೆಯಾಗಿ ಇಟ್ಟಿರುವರು.

ಪೂರ್ವಾರ್ಧದ ಚಿತ್ರವೂ ಉತ್ತರಾರ್ಧದ ಕರೆಯೂ ಕೂಡುವುದು ಈ ಒಂದು ಮಾತಿನಲ್ಲಿ. ಓದಿ ಮುಗಿಸಿದವರು ಮಂಗಳನ ಮೇಲಿನ ನಗರಗಳನ್ನು ನಂಬದಿರಬಹುದು. ಆದರೆ ಆ ಬಿಸಿಲಿನ ಎಳೆಯಲ್ಲಿ ತೂಗುವ ಬಿಂದುವನ್ನು ಮರೆಯುವುದು ಅವರಿಗೆ ಸುಲಭವಾಗಲಾರದು.