ಹಳೆಯ ಅಣುಸ್ಥಾವರಗಳ ಋಣ: ಒಂದು ಲೆಕ್ಕಪರಿಶೋಧನಾ ವರದಿಯ ವಿಮರ್ಶೆ

ಕಟ್ಟುವವನಿಗೆ ದೊರೆಯುವ ಕೀರ್ತಿ, ಕಟ್ಟಿದ್ದನ್ನು ಕೊನೆಯಲ್ಲಿ ಕಳಚಿ ನೆಲವನ್ನು ಶುಚಿಗೊಳಿಸುವವನಿಗೆ ದೊರೆಯುವುದಿಲ್ಲ. ಆರಂಭಕ್ಕೆ ಶಿಲಾಫಲಕವುಂಟು, ಸಮಾರಂಭವುಂಟು. ಮುಕ್ತಾಯಕ್ಕೆ ಎರಡೂ ಇಲ್ಲ. ಸಾಮಾನ್ಯ ಕಟ್ಟಡಗಳ ವಿಷಯದಲ್ಲಿ ಈ ಲೋಕರೂಢಿಯಿಂದ ಹೆಚ್ಚಿನ ಹಾನಿಯಾಗದು. ಆದರೆ ಅಣು ವಿದ್ಯುತ್ ಸ್ಥಾವರವು ತನ್ನ ಉಪಯೋಗ ಮುಗಿದ ಮೇಲೂ ದೀರ್ಘಕಾಲ ಅಪಾಯಕಾರಿಯಾಗಿಯೇ ಉಳಿಯುವ ವಸ್ತು. ಅದರ ಮುಕ್ತಾಯವನ್ನು ಮೊದಲೇ ಚಿಂತಿಸದಿರುವುದು ಕೇವಲ ಆಡಳಿತದ ಲೋಪವಲ್ಲ, ನೀತಿಯ ಲೋಪವೂ ಹೌದು. ಭಾರತದ ಮಹಾಲೇಖಪಾಲರು ಅಣುಶಕ್ತಿ ನಿಯಂತ್ರಣ ಮಂಡಳಿಯ ಕಾರ್ಯವನ್ನು ಪರಿಶೀಲಿಸಿ ಸಿದ್ಧಪಡಿಸಿದ, 2012ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ವರದಿಯನ್ನು ಈ ದೃಷ್ಟಿಯಿಂದ ಓದುವುದು ಉಚಿತ.

ಲೆಕ್ಕಪರಿಶೋಧನಾ ವರದಿಯನ್ನು ಯಾರೂ ನೀತಿಗ್ರಂಥವೆಂದು ಭಾವಿಸುವುದಿಲ್ಲ. ಅದರ ಭಾಷೆ ಶುಷ್ಕ, ಕ್ರಮ ಯಾಂತ್ರಿಕ. ಆದರೂ ಈ ವರದಿಯಲ್ಲಿ ಸ್ಥಾವರಗಳ ಮುಕ್ತಾಯಕ್ಕೆ ಸಂಬಂಧಿಸಿದ ಭಾಗವು ಎತ್ತುವ ಪ್ರಶ್ನೆ ಶುದ್ಧ ನೈತಿಕ ಪ್ರಶ್ನೆ: ಇಂದು ಬೆಳಕನ್ನು ಅನುಭವಿಸಿದವರು ನಾಳಿನ ಶುಚಿಕಾರ್ಯದ ವೆಚ್ಚವನ್ನು ಎತ್ತಿಟ್ಟಿದ್ದಾರೆಯೇ?

ಡಿಕಮಿಷನಿಂಗ್ ಎಂದು ಕರೆಯಲಾಗುವ ಈ ಕಾರ್ಯ ಬೀಗ ಹಾಕಿ ಹೊರನಡೆಯುವುದಲ್ಲ. ಇಂಧನವನ್ನು ಹೊರತೆಗೆಯಬೇಕು, ವಿಕಿರಣಕ್ಕೊಳಗಾದ ಕೊಳವೆ, ಪಾತ್ರೆ, ಕಾಂಕ್ರೀಟನ್ನು ಬೇರ್ಪಡಿಸಿ ಸುರಕ್ಷಿತವಾಗಿ ಇರಿಸಬೇಕು, ಕೊನೆಗೆ ನೆಲವನ್ನು ಪರೀಕ್ಷಿಸಿ ಮರಳಿ ಬಳಕೆಗೆ ಒಪ್ಪಿಸಬೇಕು. ಮುಕ್ತಾಯಕ್ಕೆ ಮುನ್ನ ವೃದ್ಧಾಪ್ಯವೂ ಇದೆ. ರಿಯಾಕ್ಟರಿನಿಂದ ಹೊಮ್ಮುವ ನ್ಯೂಟ್ರಾನುಗಳ ಸತತ ಹೊಡೆತದಿಂದ ಉಕ್ಕು ತನ್ನ ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ, ಕೊಳವೆಗಳು ಸವೆಯುತ್ತವೆ, ತಂತಿಗಳ ಹೊದಿಕೆ ಒಣಗಿ ಬಿರಿಯುತ್ತದೆ. ಮಹಾರಾಷ್ಟ್ರದ ತಾರಾಪುರದಲ್ಲಿ ಅಮೆರಿಕದ ಕಂಪನಿಯೊಂದು ನಿರ್ಮಿಸಿದ ಎರಡು ಘಟಕಗಳು ಕಾರ್ಯಾರಂಭ ಮಾಡಿದ್ದು 1969ರಲ್ಲಿ. ಅದೇ ಕಂಪನಿಯ ವಿನ್ಯಾಸದ, ನೀರನ್ನು ಕುದಿಸುವ ಅದೇ ಬಗೆಯ ಘಟಕವೊಂದು ಜಪಾನಿನ ಫುಕುಶಿಮಾದಲ್ಲಿ 1971ರಲ್ಲಿ ಆರಂಭವಾಯಿತು. ನಲವತ್ತು ವರ್ಷ ತುಂಬುವ ಹೊತ್ತಿಗೆ, 2011ರ ಫೆಬ್ರವರಿಯಲ್ಲಿ, ಅದಕ್ಕೆ ಇನ್ನೂ ಹತ್ತು ವರ್ಷಗಳ ಆಯುಷ್ಯವನ್ನು ಮಂಜೂರು ಮಾಡಲಾಯಿತು. ಮರುತಿಂಗಳೇ ಮಹಾದುರಂತ ಸಂಭವಿಸಿತು. ದುರಂತಕ್ಕೆ ಮೂಲಕಾರಣ ಸುನಾಮಿಯೇ ಹೊರತು ಮುಪ್ಪಲ್ಲ ಎಂಬುದು ನಿಜ. ಆದರೂ ಆಯುಷ್ಯವನ್ನು ವಿಸ್ತರಿಸುವ ನಿರ್ಣಯವನ್ನು ಎಷ್ಟು ಎಚ್ಚರದಿಂದ ಕೈಗೊಳ್ಳಬೇಕೆಂಬ ಪಾಠ ಅಲ್ಲಿದೆ.

ಇಂತಹ ಹಿನ್ನೆಲೆಯಲ್ಲಿ ವರದಿ ಕಂಡುಕೊಂಡ ಸಂಗತಿ ಆಘಾತಕರವಾದುದು. ಸ್ಥಾವರಗಳ ಮುಕ್ತಾಯ ಹೇಗೆ ನಡೆಯಬೇಕೆಂದು ನಿಯಂತ್ರಣ ಮಂಡಳಿಯೇ 1998ರಲ್ಲಿ ಕೈಪಿಡಿಯೊಂದನ್ನು ಹೊರಡಿಸಿತ್ತು. ಹದಿಮೂರು ವರ್ಷ ಕಳೆದರೂ ದೇಶದ ಯಾವ ಅಣು ವಿದ್ಯುತ್ ಸ್ಥಾವರಕ್ಕೂ ಅಂತಹ ಯೋಜನೆ ಇರಲಿಲ್ಲ. ಮೂವತ್ತು ವರ್ಷ ದುಡಿದ ಸ್ಥಾವರಗಳಿಗೂ, ಈಗಾಗಲೇ ನಿಂತುಹೋದವಕ್ಕೂ ಇರಲಿಲ್ಲ. ಅಂದು ಜಾರಿಯಲ್ಲಿದ್ದ 1962ರ ಅಣುಶಕ್ತಿ ಕಾಯ್ದೆಯಲ್ಲಾಗಲಿ ಅದರಡಿಯ ನಿಯಮಗಳಲ್ಲಾಗಲಿ ಮುಕ್ತಾಯ ನಿಧಿಯ ಪ್ರಸ್ತಾಪವಿರಲಿಲ್ಲ. ನಿಧಿ ಸಾಕಷ್ಟಿದೆಯೇ ಎಂದು ನೋಡುವ ಹೊಣೆಯೂ ಮಂಡಳಿಗಿರಲಿಲ್ಲ. ವಿದ್ಯುತ್ತಿನ ದರದೊಡನೆ ಯೂನಿಟ್ಟಿಗೆ 2 ಪೈಸೆಯಂತೆ ಸಂಗ್ರಹಿಸುವ ಪದ್ಧತಿಯೊಂದು 1990ರ ದಶಕದ ಆರಂಭದಿಂದ ನಡೆದುಬಂದಿತ್ತು, ಅಷ್ಟೆ.

ಈ 2 ಪೈಸೆಯ ಅರ್ಥವನ್ನು ಕೈಗಾದ ಉದಾಹರಣೆಯಿಂದ ಅರಿಯಬಹುದು. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿರುವ ಅಲ್ಲಿನ ಘಟಕವೊಂದರ ಸಾಮರ್ಥ್ಯ 220 ಮೆಗಾವಾಟ್. ಅದು ವರ್ಷವಿಡೀ ಸಾಮರ್ಥ್ಯದ ಶೇಕಡ 80ರಷ್ಟು ದುಡಿದರೆ ಸುಮಾರು 154 ಕೋಟಿ ಯೂನಿಟ್ ವಿದ್ಯುತ್ ಉತ್ಪಾದಿಸುತ್ತದೆ. ಯೂನಿಟ್ಟಿಗೆ 2 ಪೈಸೆಯಂತೆ ವರ್ಷಕ್ಕೆ ಕೂಡುವುದು ಮೂರು ಕೋಟಿ ರೂಪಾಯಿಗೆ ತುಸು ಹೆಚ್ಚು. ನಲವತ್ತು ವರ್ಷಗಳಿಗೆ, ಬಡ್ಡಿಯನ್ನು ಬಿಟ್ಟು, ಸುಮಾರು 123 ಕೋಟಿ. ಬಡ್ಡಿಯಿಂದ ಮೊತ್ತ ಬೆಳೆಯುತ್ತದೆ, ಬೆಲೆಯೇರಿಕೆಯಿಂದ ವೆಚ್ಚವೂ ಬೆಳೆಯುತ್ತದೆ. ಆದ್ದರಿಂದ ಮೊತ್ತ ಸಣ್ಣದೋ ದೊಡ್ಡದೋ ಎಂಬುದಕ್ಕಿಂತ ಮೊದಲ ಪ್ರಶ್ನೆ ಬೇರೆಯೇ ಆಗಿದೆ. ಮಾಡಬೇಕಾದ ಕಾರ್ಯದ ಯೋಜನೆಯೇ ಇಲ್ಲದಿದ್ದಾಗ ಅದಕ್ಕೆ ಬೇಕಾದ ಹಣವನ್ನು ಯಾವ ಆಧಾರದ ಮೇಲೆ ನಿಗದಿಪಡಿಸಲಾಯಿತು? ಜೀರ್ಣೋದ್ಧಾರ ನಿಧಿಯನ್ನು ಕೂಡಿಡುವ ಯಾವ ಬಸದಿಯ ಆಡಳಿತ ಮಂಡಳಿಯೂ ಕೆಲಸದ ಅಂದಾಜುಪಟ್ಟಿಯಿಲ್ಲದೆ ವಂತಿಗೆಯನ್ನು ನಿಗದಿಪಡಿಸದು.

ಈ ಪ್ರಶ್ನೆಯನ್ನು ಅಧಿಕೃತ ದಾಖಲೆಯಲ್ಲಿ ಮೂಡಿಸಿದ್ದೇ ವರದಿಯ ಹಿರಿಮೆ. ಅದುವರೆಗೆ ಸ್ಥಾವರಗಳ ಬಗ್ಗೆ ಜನರು ವ್ಯಕ್ತಪಡಿಸಿದ ಆತಂಕವನ್ನು ವಿಜ್ಞಾನದ ಅರಿವಿಲ್ಲದವರ ಭೀತಿಯೆಂದು ಬದಿಗೊತ್ತುವುದು ವಾಡಿಕೆಯಾಗಿತ್ತು. ಕೈಗಾ ಯೋಜನೆಯನ್ನು ವಿರೋಧಿಸಿದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಸ್ಪರ್ಧಿಸಿ ಸೋತರು. 1994ರಲ್ಲಿ ಅದೇ ಕೈಗಾದಲ್ಲಿ, ನಿರ್ಮಾಣದ ಹಂತದಲ್ಲೇ, ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತು. ಇಂಧನವಿನ್ನೂ ಒಳಸೇರಿರಲಿಲ್ಲವಾದ್ದರಿಂದ ವಿಕಿರಣದ ಅಪಾಯವಿರಲಿಲ್ಲ. ಗುಮ್ಮಟವನ್ನು ಮರಳಿ ಕಟ್ಟಲಾಯಿತು. ಆದರೆ ಪ್ರಶ್ನೆ ಕೇಳಿದವರೆಲ್ಲ ಅಜ್ಞಾನಿಗಳಲ್ಲವೆಂಬುದಕ್ಕೆ ಆ ಘಟನೆ ಸಾಕ್ಷಿಯಾಯಿತು. ಕೊನೆಯಲ್ಲಿ ಇದರ ಗತಿಯೇನೆಂದು ಹಳ್ಳಿಗನು ಕೇಳುವುದಕ್ಕೂ ಯೋಜನೆ ಎಲ್ಲಿದೆಯೆಂದು ಲೆಕ್ಕಪರಿಶೋಧಕನು ಕೇಳುವುದಕ್ಕೂ ಭಾಷೆಯ ವ್ಯತ್ಯಾಸವಷ್ಟೇ. ಜನರ ಆತಂಕವೆಂಬುದು ಬಹುಮಟ್ಟಿಗೆ ಲೆಕ್ಕ ಒಪ್ಪಿಸಿರೆಂಬ ಬೇಡಿಕೆ.

ವರದಿಯ ಮಿತಿಯೂ ಇಲ್ಲಿಯೇ ಇದೆ. ಅದು ಯೋಜನೆಯ ಕಾಗದವನ್ನು ಕೇಳುತ್ತದೆ. ಆ ಕಾಗದದ ಆಚೆಗಿರುವ ಮನುಷ್ಯರನ್ನು ಕಾಣುವುದಿಲ್ಲ. ವಿಕಿರಣವಿರುವ ಕೋಣೆಯನ್ನು ಹೊಕ್ಕು ಕೊಳವೆ ಕತ್ತರಿಸಬೇಕಾದ ಕಾರ್ಮಿಕ, ಸ್ಥಾವರದ ನೆರೆಯಲ್ಲಿ ಬಲೆ ಬೀಸುವ ಮೀನುಗಾರ, ಸ್ಥಾವರಕ್ಕಾಗಿ ಊರು ಬಿಟ್ಟ ಕುಟುಂಬ, ಇವರಾರೂ ಅದರ ಮುಕ್ತಾಯ ವಿಚಾರದಲ್ಲಿ ಬರುವುದಿಲ್ಲ. ಕಳಚಿದ ಮೇಲೆ ಉಳಿಯುವುದು ಎಲ್ಲಿಗೆ ಹೋಗುತ್ತದೆಂಬ ವಿಚಾರವೂ ಸಾಲದು. ಅಮೆರಿಕದ ಮೇನ್ ರಾಜ್ಯದ ಮೇನ್ ಯಾಂಕಿ ಸ್ಥಾವರವನ್ನು ಮುಚ್ಚುವ ನಿರ್ಧಾರ 1997ರಲ್ಲಾಯಿತು. 2005ರ ವೇಳೆಗೆ ಅದನ್ನು ಪೂರ್ಣವಾಗಿ ಕಳಚಲಾಯಿತು. ಕಾರ್ಯ ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಆದರೆ ಬಳಸಿದ ಇಂಧನವನ್ನು ಸ್ವೀಕರಿಸಬೇಕಿದ್ದ ಸರ್ಕಾರಕ್ಕೆ ಶಾಶ್ವತ ನೆಲೆ ದೊರೆಯದ ಕಾರಣ, ಕಟ್ಟಡ ಹೋದ ನೆಲದಲ್ಲಿ ಇಂಧನದ ಪೆಟ್ಟಿಗೆಗಳು ಕಾವಲಿನೊಡನೆ ಉಳಿದವು.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಆಲಿಸಬೇಕು. ತಡಮಾಡುವುದೇ ಸುರಕ್ಷಿತವೆಂದು ತಜ್ಞರನೇಕರು ಹೇಳುತ್ತಾರೆ. ಉಕ್ಕಿನಲ್ಲಿ ಉಂಟಾಗುವ ಕೋಬಾಲ್ಟ್-60ರ ವಿಕಿರಣ ಐದು ವರ್ಷಕ್ಕೆ ತುಸು ಮೀರಿದ ಅವಧಿಯಲ್ಲಿ ಅರ್ಧಕ್ಕಿಳಿಯುತ್ತದೆ. ಐವತ್ತು ವರ್ಷ ಕಾದರೆ ಸಾವಿರದಲ್ಲೊಂದು ಪಾಲಿನ ಸಮೀಪಕ್ಕೆ ಬರುತ್ತದೆ. ಕಾರ್ಮಿಕನ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ. ಕಲ್ಲಿದ್ದಲಿನ ಹೊಗೆಯಿಂದಾಗುವ ಜೀವಹಾನಿಯನ್ನು ಮರೆತು ಅಣುಶಕ್ತಿಯೊಂದನ್ನೇ ದೂಷಿಸುವುದೂ ಸಮದೃಷ್ಟಿಯಲ್ಲ. ಆದರೆ ವಿಚಾರಪೂರ್ವಕ ವಿಳಂಬ ಬೇರೆ, ಪ್ರಮಾದ ಬೇರೆ. ಮೊದಲನೆಯದರಲ್ಲಿ ಕಾಯುವ ಅವಧಿ, ಕಾವಲಿನ ಹೊಣೆ, ವೆಚ್ಚದ ಮೂಲ ಎಲ್ಲವೂ ಬರೆದಿಟ್ಟಿರುತ್ತವೆ. ಎರಡನೆಯದರಲ್ಲಿ ಯಾವುದೂ ಇಲ್ಲ, ಕಾಲ ಮಾತ್ರ ಸರಿಯುತ್ತದೆ. 2012ರ ವರದಿ ಕಂಡದ್ದು ಎರಡನೆಯದನ್ನು.

ವರದಿಯ ತರುವಾಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ 2013ರಲ್ಲಿ ಈ ವಿಷಯವನ್ನು ಪರಿಶೀಲಿಸಿತು. ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಲು 2011ರಲ್ಲಿ ಮಂಡನೆಯಾಗಿದ್ದ ಮಸೂದೆ 2014ರಲ್ಲಿ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು 1962ರ ಕಾಯ್ದೆಗೆ ಬದಲಾಗಿ ಹೊಸ ಕಾಯ್ದೆಯನ್ನು ಅಂಗೀಕರಿಸಿ, ನಿಯಂತ್ರಣ ಮಂಡಳಿಗೆ ಶಾಸನದ ಬಲವನ್ನಿತ್ತು, ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲನ್ನು ತೆರೆಯಿತು. ಸರ್ಕಾರ ಅಳಿಯದು, ಕಂಪನಿ ಅಳಿಯಬಹುದು. ಆದ್ದರಿಂದ ಆ ಹಳೆಯ ವರದಿಯ ಪ್ರಶ್ನೆಗೆ ಈಗ ಇಮ್ಮಡಿ ತೂಕ ಬಂದಿದೆ. ಪ್ರತಿಯೊಂದು ಸ್ಥಾವರದ ಮುಕ್ತಾಯ ಯೋಜನೆ, ಅದರ ನಿಧಿಯ ವಾರ್ಷಿಕ ಲೆಕ್ಕ ಇವೆರಡೂ ನೆರೆಯ ಗ್ರಾಮಸ್ಥರ ಕೈಗೆ ಅವರ ಭಾಷೆಯಲ್ಲೇ ಸಿಗುವಂತಾದರೆ ಮಾತ್ರ ವರದಿಯ ಶ್ರಮ ಸಾರ್ಥಕವಾದೀತು.

ಸಾಲ ಕೊಟ್ಟವನು ಎದುರಿಗಿದ್ದರೆ ಸಾಲಗಾರನಿಗೆ ಭಯವಿರುತ್ತದೆ. ಇಲ್ಲಿ ಸಾಲ ಕೊಟ್ಟವರು ಇನ್ನೂ ಹುಟ್ಟಿಲ್ಲ. ಅವರು ಬಾಗಿಲಿಗೆ ಬಂದು ಕೇಳಲಾರರು. ಕೇಳುವವರಿಲ್ಲದ ಋಣವನ್ನು ತಾನಾಗಿ ನೆನೆದು ತೀರಿಸುವುದರಲ್ಲಿಯೇ ಒಂದು ಸಮಾಜದ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆಯಿದೆ.