ಗೊಮ್ಮಟನ ಪಾದದ ಹುತ್ತ

ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಅದರ ಎತ್ತರವನ್ನೂ ಮುಖದ ಮಂದಸ್ಮಿತವನ್ನೂ ಕೊಂಡಾಡಿದ್ದಾರೆ. ಹನ್ನೆರಡನೆಯ ಶತಮಾನದ ಬೊಪ್ಪಣ ಪಂಡಿತನ ಶಾಸನಕಾವ್ಯವೂ ಎತ್ತರ, ಸೌಂದರ್ಯ, ಅತಿಶಯಗಳು ಒಂದೆಡೆ ಕೂಡಿದುದನ್ನು ಸ್ತುತಿಸುತ್ತದೆ. ಈ ಪ್ರಶಂಸೆ ಯುಕ್ತವಾದುದೇ. ಆದರೆ ನೋಟವು ಮುಖದಲ್ಲಿಯೇ ನಿಂತುಬಿಟ್ಟರೆ, ಪಾದದ ಬಳಿ ಶಿಲ್ಪಿಯು ಹೇಳಿರುವ ಮಾತು ತಪ್ಪಿಹೋಗುತ್ತದೆ. ಅಲ್ಲಿರುವುದು ಹುತ್ತ. ಹುತ್ತವನ್ನು ಕಟ್ಟುವುದು ಹಾವಲ್ಲ, ಗೆದ್ದಲು.

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯ ಹಳೆಯ ಮನೆಗಳಲ್ಲಿ ಮುಂಗಾರು ಬಿದ್ದೊಡನೆ ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಏರುವುದುಂಟು. ಹಿರಿಯರ ಕಾಲದ ಶಾಸ್ತ್ರಗ್ರಂಥಗಳ ಬೀರುವನ್ನು ತೆರೆದ ಶ್ರಾವಕನಿಗೆ ಪುಟಗಳ ನಡುವೆ ಗೆದ್ದಲು ಕಂಡರೆ ಅವನು ಏನು ಮಾಡಬೇಕು? ಶಾಸ್ತ್ರದ ಪ್ರಕಾರ ಅದು ತ್ರೀಂದ್ರಿಯ ಜೀವ. ಅದು ತಿನ್ನುತ್ತಿರುವುದೂ ಶಾಸ್ತ್ರವೇ. ವಿಷವನ್ನು ಸುರಿಸಿ, ಮನಸ್ಸಿನ ಕಸಿವಿಸಿ ಕಳೆಯಲೆಂದು ಬೆಳಗೊಳಕ್ಕೆ ಹೊರಡುವವರುಂಟು. ೧೯೯೩ರ ಮಹಾಮಸ್ತಕಾಭಿಷೇಕದ ಜನಸಂದಣಿಯಲ್ಲಿ ಮುಖವನ್ನಷ್ಟೇ ಕಂಡು ಬಂದಿದ್ದವನು ಇಂಥ ಮನಸ್ಸಿನಿಂದ ವಿಂಧ್ಯಗಿರಿಯನ್ನು ಮತ್ತೆ ಏರಿದರೆ, ಅವನ ಕಣ್ಣು ಮೊದಲು ಹುತ್ತದ ಮೇಲೆ ಬೀಳದೆ ಇರದು.

ಭರತನನ್ನು ಗೆದ್ದೂ ರಾಜ್ಯವನ್ನು ತೊರೆದ ಬಾಹುಬಲಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಮೈಗೆ ಹಬ್ಬಿದ ಬಳ್ಳಿ, ಕಾಲ ಬಳಿ ಬೆಳೆದ ಹುತ್ತಗಳನ್ನು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣ ವರ್ಣಿಸುತ್ತದೆ. ಪಂಪನು ೯೪೧ರಲ್ಲಿ ಆ ಕಥೆಯನ್ನು ಕನ್ನಡದಲ್ಲಿ ಹೇಳಿದನು. ೯೮೧ರ ವೇಳೆಗೆ ಚಾವುಂಡರಾಯನು ಅದನ್ನು ಕಲ್ಲಿನಲ್ಲಿ ನಿಲ್ಲಿಸಿದನು. ಐಹೊಳೆ, ಎಲ್ಲೋರಗಳ ಗುಹೆಗಳಲ್ಲಿ ಬಾಹುಬಲಿಯ ಇಕ್ಕೆಲಗಳಲ್ಲಿ ಬಳ್ಳಿ ಬಿಡಿಸುವ ವಿದ್ಯಾಧರಿಯರೆಂದು ಗುರುತಿಸಲಾದ ಸ್ತ್ರೀಯರಿದ್ದಾರೆ. ಬೆಳಗೊಳದ ಶಿಲ್ಪಿಯು ಅವರನ್ನು ಕೈಬಿಟ್ಟಿದ್ದಾನೆ. ಇಲ್ಲಿ ಬಳ್ಳಿಯನ್ನು ಬಿಡಿಸುವವರೂ ಇಲ್ಲ, ಹುಳುವನ್ನು ಕೊಡವುವವರೂ ಇಲ್ಲ. ಸುಮಾರು ೫೮ ಅಡಿಯ ಈ ಮೂರ್ತಿಗೆ ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲ. ಕೆಳಗೆ ಕಾಲುಗಳಿಗೆ ಒತ್ತಾಗಿ ನಿಂತಿರುವುದು ಹುತ್ತದ ರೂಪ ತಳೆದ ಬಂಡೆಯೇ. ಅಷ್ಟು ದೊಡ್ಡ ದೇಹಕ್ಕೆ ಬೇಕಾದ ಆಧಾರವನ್ನು ಶಿಲ್ಪಿಯು ಕ್ಷುದ್ರಜೀವಿಯ ಮನೆಯಾಗಿ ಕಂಡದ್ದು ಬರಿಯ ಕೌಶಲವಲ್ಲ, ಧರ್ಮದ ತಿಳಿವಳಿಕೆ.

ಹಾಗೆಂದು ಗೃಹಸ್ಥನು ಗೆದ್ದಲಿಗೆ ಮನೆಯನ್ನು ಬಿಟ್ಟುಕೊಡಬೇಕೆಂದು ಅರ್ಥಮಾಡುವುದು ಅತಿವ್ಯಾಪ್ತಿಯಾಗುತ್ತದೆ. ಮುನಿಧರ್ಮ ಬೇರೆ, ಶ್ರಾವಕಧರ್ಮ ಬೇರೆ. ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಸಂಪೂರ್ಣವಾಗಿ ತೊರೆಯಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆದರೆ ತತ್ತ್ವಾರ್ಥಸೂತ್ರವು ಪ್ರಮಾದದಿಂದಾಗುವ ಪ್ರಾಣಹರಣವನ್ನು ಹಿಂಸೆಯೆನ್ನುತ್ತದೆ. ಆದ್ದರಿಂದ ದೋಷವು ವಿಷ ಸುರಿಸಿದ ದಿನ ಹುಟ್ಟಿದುದಲ್ಲ. ಬೀರುವನ್ನು ತೆರೆಯದೆ ಕಳೆದ ವರ್ಷಗಳಲ್ಲಿಯೇ ಅದು ಬೆಳೆದಿತ್ತು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿ ಬರುವುದು ಮುಂಗಾರಿನ ಹೊಸ್ತಿಲಲ್ಲಿ. ಅಂದು ಗ್ರಂಥಗಳಿಗೆ ಹೂವೇರಿಸಿ ಮುಚ್ಚಿಡದೆ, ಬಿಡಿಸಿ, ಧೂಳು ತೆಗೆದು, ತೇವವಿಲ್ಲದೆಡೆ ಇರಿಸಿ ಓದುತ್ತ ಬಂದಿದ್ದರೆ ಗ್ರಂಥವೂ ಉಳಿಯುತ್ತಿತ್ತು, ಜೀವವೂ ಉಳಿಯುತ್ತಿತ್ತು.

ಪಾದದ ಬಳಿ ನಿಂತವನಿಗೆ ಇನ್ನೊಂದು ಪ್ರಶ್ನೆಯೂ ಕಾದಿದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೇಯುವ ಮಗ್ಗಗಳಿವೆ. ಚಿಟ್ಟೆ ಹೊರಬಂದರೆ ಎಳೆ ತುಂಡಾಗುವುದರಿಂದ ಗೂಡಿನೊಳಗಿನ ಹುಳುವನ್ನು ಬಿಸಿಗೆ ಒಡ್ಡಿ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ರೈತನೂ ನೇಕಾರನೂ ಹೊಟ್ಟೆಪಾಡಿಗೆ ಮಾಡುವ ದುಡಿಮೆಯನ್ನು ಹಳಿಯುವುದು ಸಲ್ಲದು. ಪ್ರಶ್ನೆಯಿರುವುದು ಅದನ್ನು ಮಡಿಯೆಂದು ಉಟ್ಟು ಅಭಿಷೇಕಕ್ಕೆ ಬರುವ ಶ್ರಾವಕನಿಗೆ. ಮನೆಯ ಗೆದ್ದಲಿಗಾಗಿ ನೊಂದ ಮನಸ್ಸು ಮೈಮೇಲಿನ ವಸ್ತ್ರಕ್ಕಾಗಿ ಏಕೆ ನೋಯಲಿಲ್ಲ? ಗೆದ್ದಲು ಅವನ ಕಣ್ಣೆದುರಿಗೆ ಸತ್ತಿತು, ರೇಷ್ಮೆಹುಳು ಕಣ್ಮರೆಯಲ್ಲಿ ಸತ್ತಿತು ಎಂಬುದಷ್ಟೇ ವ್ಯತ್ಯಾಸ.

ಬಾಹುಬಲಿಯು ದಿಗಂಬರನಾಗಿ ನಿಂತಿದ್ದಾನೆ. ಅವನೆದುರು ಕೈಮುಗಿಯಲು ಹತ್ತಿಯ ಪಂಚೆ ಸಾಕು. ಮುಂದಿನ ಬಾರಿ ಬೆಟ್ಟವನ್ನೇರುವ ಶ್ರಾವಕರು ಮುಖದರ್ಶನಕ್ಕೆ ಮುನ್ನ ಹುತ್ತವನ್ನು ನೋಡಲಿ. ಹೊರಡುವ ಮುನ್ನ ತಮ್ಮ ಉಡುಪನ್ನೂ ಒಮ್ಮೆ ನೋಡಿಕೊಳ್ಳಲಿ.