ಎರಡನೆಯ ಲೆನ್ಸಿನ ದಿನ

2006ರ ಆಗಸ್ಟ್‌ನಲ್ಲಿ ಕ್ಯಾನನ್ ಇಒಎಸ್ 400ಡಿ ಬಂತು, ನವೆಂಬರ್‌ನಲ್ಲಿ ನಿಕಾನ್ ಡಿ40. ಎರಡೂ ಮೊದಲ ಸಲ ಡಿಎಸ್‌ಎಲ್‌ಆರ್ ಹಿಡಿಯುವವರಿಗೆಂದೇ ಮಾಡಿದ ಕ್ಯಾಮೆರಾಗಳು. ಅಕ್ಕಪಕ್ಕ ಇಟ್ಟಾಗ ಗಿರಾಕಿಯ ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸ ಒಂದೇ: ಕ್ಯಾನನ್‌ದು 10 ಮೆಗಾಪಿಕ್ಸೆಲ್, ನಿಕಾನ್‌ದು 6. ಇಂದು ಎರಡೂ ಹಳೆಯ ಮಾಲಿನ ಪೇಟೆ ಸೇರಿವೆ. ಫೋಟೋಗ್ರಫಿ ಕಲಿಯಬೇಕು, ಆದರೆ ಕೈಯಲ್ಲಿ ಹೆಚ್ಚು ಕಾಸಿಲ್ಲ ಎನ್ನುವವರ ಮುಂದೆ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ಮತ್ತೆ ಬಂದು ನಿಲ್ಲುತ್ತದೆ. ಕಲಿಯುವವರ ಕ್ಯಾಮೆರಾವನ್ನು ಕೊಂಡ ದಿನವೇ ಅಳೆದುಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ವಾದ. ಜೊತೆಗೆ ಬಂದ ಲೆನ್ಸು ಸಾಲದೆ ಇನ್ನೊಂದನ್ನು ತಂದು ಸಿಕ್ಕಿಸುತ್ತಾರಲ್ಲ, ಆ ದಿನ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕು. ಮೊದಲ ದಿನದ ಪರೀಕ್ಷೆಯಲ್ಲಿ ಡಿ40 ಗೆಲ್ಲುತ್ತದೆ, ಅದೂ ನಿಚ್ಚಳವಾಗಿ. ಎರಡನೆಯ ಲೆನ್ಸಿನ ದಿನ ಗೆಲ್ಲುವುದು 400ಡಿ. ನನ್ನ ತೂಕ ಆ ಎರಡನೆಯ ಗೆಲುವಿನ ಕಡೆಗೆ.

ಮೆಗಾಪಿಕ್ಸೆಲ್ ವಿಷಯ ಮೊದಲು ಮುಗಿಸಿಬಿಡೋಣ. ಡಿ40ರ ಚಿತ್ರ 3008×2000 ಚುಕ್ಕಿಗಳದು, 400ಡಿಯದು 3888×2592. ಆರು, ಹತ್ತು ಎಂದಾಗ ಅಂತರ ದೊಡ್ಡದಾಗಿ ಕೇಳುತ್ತದೆ. ಅಗಲ ಹಿಡಿದು ನೋಡಿದರೆ ಒಂದು ಇನ್ನೊಂದರ 1.3 ಪಟ್ಟಿನಷ್ಟು ಮಾತ್ರ. 12×8 ಇಂಚಿನ ಪ್ರಿಂಟು ಹಾಕಿಸಿದರೆ ಡಿ40ರಿಂದ ಇಂಚಿಗೆ 250 ಚುಕ್ಕಿ ಸಿಗುತ್ತದೆ, 400ಡಿಯಿಂದ 324. ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವವರಿಗೆ ಈ ಎರಡರ ನಡುವೆ ಆರಿಸುವುದು ಕಷ್ಟ. ದೂರದ ಮರದಲ್ಲಿ ಕೂತ ಹಕ್ಕಿಯನ್ನು ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡುವವರಿಗೆ ಕ್ಯಾನನ್‌ನ ಹೆಚ್ಚಿನ ಚುಕ್ಕಿಗಳು ಕೆಲಸಕ್ಕೆ ಬರುತ್ತವೆ ಎಂದು ಒಪ್ಪುತ್ತೇನೆ. ಆದರೆ ಒಂದು ಕ್ಯಾಮೆರಾವನ್ನು ಆರಿಸಲು ಅದೊಂದೇ ಕಾರಣ ಸಾಲದು.

ಮೊದಲ ದಿನದ ಡಿ40 ನಿಜಕ್ಕೂ ಪ್ರೀತಿ ಹುಟ್ಟಿಸುವ ಕ್ಯಾಮೆರಾ. ಬ್ಯಾಟರಿ ಬಿಟ್ಟು 500 ಗ್ರಾಂ ಕೂಡ ತೂಗದು, ಆದರೂ ಹಿಡಿ ಬೆರಳುಗಳಿಗೆ ತುಂಬಿಕೊಳ್ಳುತ್ತದೆ. 400ಡಿಯ ಹಿಡಿ ತೆಳು. ದೊಡ್ಡ ಕೈಯವರ ಕಿರುಬೆರಳಿಗೆ ಅಲ್ಲಿ ಜಾಗವಿಲ್ಲ. ಡಿ40ರ ಹಿಂಬದಿಯ ಪರದೆಯಲ್ಲಿ ಅಪರ್ಚರಿನ ಚಿತ್ರವೇ ಇದೆ: ಚಕ್ರ ತಿರುಗಿಸಿ ಎಫ್/4ರಿಂದ ಎಫ್/16ಕ್ಕೆ ಹೋದಂತೆ ಆ ವೃತ್ತ ಕಣ್ಣಪಾಪೆಯ ಹಾಗೆ ಕಿರಿದಾಗುತ್ತದೆ. ಅಂಕಿ ದೊಡ್ಡದಾದರೆ ತೂತು ಚಿಕ್ಕದಾಗುತ್ತದೆ ಎಂಬ, ಹೊಸಬರನ್ನು ವಾರಗಟ್ಟಲೆ ಕಾಡುವ ಸಂಗತಿ ಅರ್ಧ ನಿಮಿಷದಲ್ಲಿ ಕಣ್ಣಿಗೇ ಕಾಣುತ್ತದೆ. ಐಎಸ್‌ಒ ಎಲ್ಲಿಯವರೆಗೆ ಏರಬಹುದು, ಶಟರ್ ಎಷ್ಟಕ್ಕಿಂತ ನಿಧಾನ ಆಗಬಾರದು ಎಂದು ಒಮ್ಮೆ ಹೇಳಿಟ್ಟರೆ ಮುಂದಿನದನ್ನು ಡಿ40 ತಾನೇ ನೋಡಿಕೊಳ್ಳುತ್ತದೆ. 400ಡಿಯಲ್ಲಿ ಈ ಸೌಕರ್ಯ ಪೂರ್ತಿ ಆಟೋ ಮೋಡ್‌ಗಳಿಗೆ ಮಾತ್ರ, ಅದೂ 400ರ ಗಡಿಯೊಳಗೆ. ಕಿಟ್ ಲೆನ್ಸಿನ ವಿಷಯವೂ ಹೀಗೇ. ನಿಕಾನ್ ಕೊಟ್ಟ 18-55 ಎಂಎಂ ಲೆನ್ಸು ಅಂಚಿನವರೆಗೂ ಮಾನ ಉಳಿಸಿಕೊಳ್ಳುತ್ತದೆ. ಕ್ಯಾನನ್ ಆಗ ಕೊಡುತ್ತಿದ್ದ 18-55 ಅಪರ್ಚರ್ ಪೂರ್ತಿ ತೆರೆದಾಗ ಮಂಕು. ಅದಕ್ಕೆ ಕೈನಡುಕ ತಡೆಯುವ ವ್ಯವಸ್ಥೆ ಸೇರಿ ಒಳ್ಳೆಯ ಲೆನ್ಸಾದದ್ದು 2007ರಲ್ಲಿ.

ಇದೆಲ್ಲಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ಡಿ40ರ ಫ್ಲಾಶ್ ಬಗ್ಗೆ. ಮಟಮಟ ಮಧ್ಯಾಹ್ನ ದೇವಸ್ಥಾನದ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಹಾಕಿ ನಿಂತವರ ಮುಖ ಕಪ್ಪಾಗುತ್ತದೆ. ಅದನ್ನು ಸ್ವಲ್ಪ ಫ್ಲಾಶ್ ಬೆಳಕಿನಿಂದ ತುಂಬಬೇಕು. ಆದರೆ ಫ್ಲಾಶ್ ಹಾರಿಸಿದಾಗ ಶಟರ್ ಒಂದು ಮಿತಿಗಿಂತ ವೇಗವಾಗಿ ಓಡುವಂತಿಲ್ಲ. 400ಡಿಯಲ್ಲಿ ಆ ಮಿತಿ 1/200 ಸೆಕೆಂಡು, ಡಿ40ರಲ್ಲಿ 1/500. ಕ್ಯಾನನ್‌ನ ಐಎಸ್‌ಒ 100ರಿಂದ ಶುರು, ನಿಕಾನ್‌ನದು 200ರಿಂದ. ಹಾಗಾಗಿ ಒಂದರ ಲಾಭ ಇನ್ನೊಂದರಲ್ಲಿ ವಜಾ ಆಗುತ್ತದಲ್ಲ ಎಂದು ಕೇಳಬಹುದು. ಲೆಕ್ಕ ಹಾಕೋಣ. ಉರಿಬಿಸಿಲಿನ ಹಿನ್ನೆಲೆಗೆ 400ಡಿಯಲ್ಲಿ ಐಎಸ್‌ಒ 100, 1/200, ಎಫ್/11 ಬೇಕು. ಡಿ40ರಲ್ಲಿ ಐಎಸ್‌ಒ 200, 1/500, ಎಫ್/10. ಅಪರ್ಚರ್ ಹೆಚ್ಚುಕಡಿಮೆ ಒಂದೇ, ನಿಜ. ಆದರೆ ಕ್ಯಾನನ್‌ನ ಒಳಫ್ಲಾಶಿನ ಗೈಡ್ ನಂಬರ್ ಐಎಸ್‌ಒ 100ರಲ್ಲಿ 13, ನಿಕಾನ್‌ನದು ಐಎಸ್‌ಒ 200ರಲ್ಲಿ 17. ಅಪರ್ಚರಿನಿಂದ ಭಾಗಿಸಿದರೆ ಕ್ಯಾನನ್‌ನ ಬೆಳಕು 1.2 ಮೀಟರ್ ಮುಟ್ಟುತ್ತದೆ, ನಿಕಾನ್‌ನದು 1.7 ಮೀಟರ್. ಲೆನ್ಸನ್ನು 55ರಲ್ಲಿಟ್ಟು ಕ್ಯಾಮೆರಾ ನಿಲ್ಲಿಸಿ ಹಿಡಿದರೆ ಮೊದಲನೆಯದರಲ್ಲಿ ಮುಖ, ಹೆಗಲು ಬರುತ್ತವೆ. ಎರಡನೆಯದರಲ್ಲಿ ಮನುಷ್ಯ ಸೊಂಟದವರೆಗೆ ಬರುತ್ತಾನೆ. ಅರ್ಧ ಮೀಟರಿನ ಈ ಅಂತರ ನಮ್ಮ ಬಿಸಿಲಿನಲ್ಲಿ ಬಹಳ ದೊಡ್ಡದು. ಡಿ40ರ ಸಿಸಿಡಿ ಸೆನ್ಸರು ಬೆಳಕನ್ನು ವಿದ್ಯುತ್ತಿನಿಂದಲೇ ಕಡಿದುಹಾಕಬಲ್ಲದು, ಯಾಂತ್ರಿಕ ಶಟರಿನ ಪರದೆಗಾಗಿ ಕಾಯಬೇಕಿಲ್ಲ. ಈ ವೇಗ ಬಂದದ್ದು ಅಲ್ಲಿಂದ. 2007ರಲ್ಲಿ ಬಂದ ಡಿ40ಎಕ್ಸ್ 10 ಮೆಗಾಪಿಕ್ಸೆಲ್ ಪಡೆದು ಈ ಶಕ್ತಿಯನ್ನು ಕಳೆದುಕೊಂಡಿತು. ಅದರ ಮಿತಿಯೂ 1/200.

ಇಷ್ಟು ಗುಣಗಳಿರುವ ಕ್ಯಾಮೆರಾವನ್ನು ಎರಡನೆಯ ಸ್ಥಾನಕ್ಕೆ ಇಳಿಸುವುದೇಕೆ? ಕಲಿಯುವವರ ದಾರಿ ಹೇಗೆ ಸಾಗುತ್ತದೆ ನೋಡಿ. ಕೆಲವು ತಿಂಗಳು ಕಿಟ್ ಲೆನ್ಸಿನಲ್ಲಿ ತೆಗೆದ ಮೇಲೆ ಅದರ ಗೋಡೆ ತಲೆಗೆ ತಾಗುತ್ತದೆ. 55 ಎಂಎಂನಲ್ಲಿ ಅದರ ಅಪರ್ಚರ್ ಎಫ್/5.6ಕ್ಕಿಂತ ತೆರೆಯುವುದಿಲ್ಲ. ರಾತ್ರಿ ಯಕ್ಷಗಾನದ ರಂಗದೆದುರು ಕೂತರೆ ಐಎಸ್‌ಒ ಏರಿಸಿದರೂ ಶಟರ್ 1/10ಕ್ಕೆ ಇಳಿದು, ವೇಷಧಾರಿ ಬರಿಯ ಬಣ್ಣದ ಎಳೆಯಾಗುತ್ತಾನೆ. ಅದೇ ಜಾಗದಲ್ಲಿ ಎಫ್/1.8ರ 50 ಎಂಎಂ ಲೆನ್ಸು ಸುಮಾರು ಹತ್ತು ಪಟ್ಟು ಬೆಳಕು ಬಿಡುತ್ತದೆ. ಶಟರ್ 1/100ರ ಹತ್ತಿರಕ್ಕೆ ಬರುತ್ತದೆ. ಕುಣಿತ ಒಂದು ಗಳಿಗೆ ನಿಂತ ಕ್ಷಣವನ್ನು ಹಿಡಿದರೆ ಕಣ್ಣ ಸುತ್ತ ಬರೆದ ಗೆರೆಯೂ ಕಾಣುತ್ತದೆ. ಅಪರ್ಚರ್ ಎಂದರೇನು ಎಂದು ಪರದೆಯ ಮೇಲಿನ ವೃತ್ತ ತಿಳಿಸಿಕೊಟ್ಟಿತ್ತು. ಅದರಿಂದ ಏನಾಗುತ್ತದೆ ಎಂದು ತೋರಿಸುವುದು ಈ ಲೆನ್ಸು. ಎರಡೂ ಕಂಪನಿಗಳ ಪಟ್ಟಿಯಲ್ಲಿ ಇದೇ ಅಗ್ಗದ ಲೆನ್ಸುಗಳಲ್ಲಿ ಒಂದು. ಕ್ಯಾನನ್‌ನ 50 ಎಂಎಂ ಎಫ್/1.8 ಮಾರ್ಕ್ 2, 1990ರಿಂದ ಮಾರುಕಟ್ಟೆಯಲ್ಲಿದ್ದ ಪ್ಲಾಸ್ಟಿಕ್ ಮೈಯ ಹಗುರ ಲೆನ್ಸು. 400ಡಿಗೆ ಸಿಕ್ಕಿಸಿದರೆ ಗರಗರ ಸದ್ದು ಮಾಡುತ್ತಾ ಫೋಕಸ್ ಆಗುತ್ತದೆ. ನಿಕಾನ್‌ನ 50 ಎಂಎಂ ಎಫ್/1.8ಡಿ ಲೆನ್ಸನ್ನು ಡಿ40ಗೆ ಸಿಕ್ಕಿಸಿದರೆ ಫೋಕಸ್ ಅಲುಗಾಡುವುದೇ ಇಲ್ಲ.

ಕಾರಣವನ್ನು ಬರಿಗಣ್ಣಿನಿಂದಲೇ ನೋಡಬಹುದು. ಆ ಲೆನ್ಸಿನ ಹಿಂಬದಿಯ ಲೋಹದ ಉಂಗುರದಲ್ಲಿ ಸ್ಕ್ರೂ ತಲೆಯಂಥ ಸಣ್ಣ ಸೀಳು ಇದೆ. ಕ್ಯಾಮೆರಾ ಬಾಡಿಯಿಂದ ಚಾಚಿಕೊಳ್ಳುವ ಪುಟ್ಟ ಕಡ್ಡಿ ಆ ಸೀಳಿನಲ್ಲಿ ಕೂತು ತಿರುಗಿದರೆ ಲೆನ್ಸಿನೊಳಗಿನ ಗಾಜು ಹಿಂದೆ ಮುಂದೆ ಸರಿಯುತ್ತದೆ. ಡಿ40ರ ಬಾಯಲ್ಲಿ ಆ ಕಡ್ಡಿ ಇಲ್ಲ, ಅದನ್ನು ತಿರುಗಿಸುವ ಮೋಟಾರೂ ಇಲ್ಲ. ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಮೋಟಾರು ಕಳಚಿಕೊಂಡು ಬಂದ ಮೊದಲನೆಯದೇ ಇದು. ತೂಕ ಇಳಿಯಿತು, ಬೆಲೆಯೂ ಇಳಿಯಿತು. ಹೊಸಬರ ಕೈಗೆಟುಕುವ ಹಳೆಯ ಅಗ್ಗದ ಲೆನ್ಸುಗಳ ಸಾಲೇ ಅದರ ಜೊತೆಗೆ ಕಳಚಿಹೋಯಿತು. ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಚಿತ್ರಗಳನ್ನು ನೋಡಿ ಕ್ಯಾಮೆರಾದ ಆಸೆ ಹಚ್ಚಿಕೊಂಡವರು ಮೊದಲು ಹುಡುಕುವ ಅಗ್ಗದ ಟೆಲಿ ಲೆನ್ಸಿನಲ್ಲೂ ಇದೇ ಕಥೆ. ನಿಕಾನ್‌ನ ಹಳೆಯ 70-300 ಎಂಎಂ ಎಎಫ್ ಜಿ ಲೆನ್ಸು ಡಿ40ರಲ್ಲಿ ಫೋಕಸ್ ಆಗದು. ಕ್ಯಾನನ್‌ನ 75-300, ಅದರ ಗುಣಮಟ್ಟ ಎಷ್ಟೇ ಸಾಧಾರಣವಾಗಿರಲಿ, 400ಡಿಯಲ್ಲಿ ಫೋಕಸ್ ಆಗುತ್ತದೆ.

ಇದರ ಬೇರು ಈ ಕ್ಯಾಮೆರಾಗಳಿಗಿಂತ ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಆಟೋಫೋಕಸ್ ಬಂದ ಕಾಲದಲ್ಲಿ ನಿಕಾನ್ 1959ರಿಂದ ಬಳಸುತ್ತಿದ್ದ ತನ್ನ ಎಫ್ ಮೌಂಟನ್ನು ಉಳಿಸಿಕೊಂಡು, ಮೋಟಾರನ್ನು ಬಾಡಿಯಲ್ಲಿ ಇಟ್ಟಿತು. ಕ್ಯಾನನ್ 1987ರಲ್ಲಿ ತನ್ನ ಎಫ್‌ಡಿ ಮೌಂಟನ್ನೇ ಕೈಬಿಟ್ಟು ಇಎಫ್ ಎಂಬ ಹೊಸದನ್ನು ತಂದಿತು. ಮೋಟಾರು ಪ್ರತಿ ಲೆನ್ಸಿನೊಳಗೆ. ಎಫ್‌ಡಿ ಲೆನ್ಸುಗಳಿಗೆ ಹಣ ಸುರಿದಿದ್ದವರಿಗೆ ಅದು ಕ್ರೂರವಾದ ನಿರ್ಧಾರವೇ. ಆದರೆ ಅದರ ಫಲವಾಗಿ 1987ರ ನಂತರದ ಪ್ರತಿ ಇಎಫ್ ಲೆನ್ಸು ಕಂಪನಿಯ ಅತಿ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲೂ ಫೋಕಸ್ ಆಗುತ್ತದೆ. ಹಳೆಯವರ ಕೈಬಿಡದ ನಿಕಾನ್ ಕೊನೆಗೆ ಕೈಬಿಟ್ಟದ್ದು ಹೊಸಬರನ್ನು. ಇನ್ನೂ ಒಂದು ಸಂಗತಿಯಿದೆ. 1960ರ ದಶಕದ ನಿಕಾನ್ ಲೆನ್ಸನ್ನೂ ಡಿ40ಗೆ ಅಪಾಯವಿಲ್ಲದೆ ಸಿಕ್ಕಿಸಬಹುದು, ಆದರೆ ಬೆಳಕಿನ ಮೀಟರು ಕೆಲಸ ಮಾಡುವುದಿಲ್ಲ. ನಿಕಾನ್ ಮೌಂಟಿನಿಂದ ಸೆನ್ಸರಿಗೆ 46.5 ಮಿಲಿಮೀಟರ್, ಕ್ಯಾನನ್ ಇಎಫ್‌ನಿಂದ 44. ನಡುವಿನ ಎರಡೂವರೆ ಮಿಲಿಮೀಟರಿನಲ್ಲಿ ಒಂದು ಲೋಹದ ಉಂಗುರ ಹಿಡಿಸುತ್ತದೆ. ಆ ಉಂಗುರ ಹಾಕಿ ಅದೇ ಹಳೆಯ ನಿಕಾನ್ ಲೆನ್ಸನ್ನು 400ಡಿಗೆ ಸಿಕ್ಕಿಸಿದರೆ ಮೀಟರು ಬೆಳಕು ಅಳೆಯುತ್ತದೆ, ಶಟರನ್ನೂ ತಾನೇ ಆರಿಸುತ್ತದೆ. ನಿಕಾನ್ ಲೆನ್ಸಿಗೆ ನಿಕಾನ್ ಮನೆಯಲ್ಲಿ ಸಿಗದ ಉಪಚಾರ ಕ್ಯಾನನ್ ಮನೆಯಲ್ಲಿ ಸಿಗುತ್ತದೆ.

ಕೈಯಿಂದಲೇ ಫೋಕಸ್ ಮಾಡಿದರಾಯಿತು, ಕಲಿಯುವವರಿಗೆ ಅದೇ ಒಳ್ಳೆಯದು ಎನ್ನುವವರಿದ್ದಾರೆ. ದೊಡ್ಡ ವ್ಯೂಫೈಂಡರಿನ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಈ ಮಾತು ನಡೆಯುತ್ತದೆ. ಅಲ್ಲಿ ಫೋಕಸ್ ತಪ್ಪಿದ್ದು ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಡಿ40ರದು ಚಿಕ್ಕ ಸೆನ್ಸರು, ಅದಕ್ಕೆ ತಕ್ಕ ಚಿಕ್ಕ, ಕನ್ನಡಿ ಕೂಡಿಸಿ ಮಾಡಿದ ಮಬ್ಬು ವ್ಯೂಫೈಂಡರು. ಎಫ್/1.8ರಲ್ಲಿ ಹತ್ತಿರದ ಮುಖ ತೆಗೆಯುವಾಗ ಕಣ್ಣಿಗೂ ಕಿವಿಗೂ ನಡುವಿನಷ್ಟು ಆಳವೂ ಸ್ಪಷ್ಟವಾಗಿರುವುದಿಲ್ಲ; ಫೋಕಸ್ ಸರಿಯಾಯಿತೆಂದು ಮೂಲೆಯಲ್ಲಿ ಹೊತ್ತುವ ಹಸಿರು ಚುಕ್ಕಿಯನ್ನು ನೋಡುವಷ್ಟರಲ್ಲಿ ಎದುರಿನವರು ತಲೆ ಅಲುಗಿಸಿರುತ್ತಾರೆ. ಹೀಗೆ ಕಲಿಯಬಹುದು, ಆದರೆ ಕಲಿಯುವ ಮೊದಲೇ ಬೇಸತ್ತು ಲೆನ್ಸನ್ನು ಡಬ್ಬಿಗೆ ಸೇರಿಸುವವರೇ ಹೆಚ್ಚಾದಾರು. ಮುಂದೆ ನಿಕಾನ್ ಒಳಮೋಟಾರಿನ ಲೆನ್ಸುಗಳನ್ನು ತಂದಿತಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಹೌದು, 35 ಎಂಎಂ ಎಫ್/1.8ಜಿ 2009ರಲ್ಲಿ ಬಂತು, 50 ಎಂಎಂ ಎಫ್/1.8ಜಿ 2011ರಲ್ಲಿ. ಎರಡೂ ಸೊಗಸಾದ ಲೆನ್ಸುಗಳು, ಡಿ40ರಲ್ಲಿ ಚೆನ್ನಾಗಿ ಓಡುತ್ತವೆ. ಇವುಗಳಿಂದ ನನ್ನ ವಾದದ ಮೊನೆ ಸ್ವಲ್ಪ ಮೊಂಡಾಗುತ್ತದೆ ಎಂದು ಒಪ್ಪುತ್ತೇನೆ. ಆದರೆ ಇವು ಬೆರಳೆಣಿಕೆಯ ಬಾಗಿಲುಗಳು. 400ಡಿಯಲ್ಲಿ ಯಾವ ಇಎಫ್ ಲೆನ್ಸು ಸಿಕ್ಕರೂ, ಯಾರದ್ದೋ ಮನೆಯ ಕಪಾಟಿನಿಂದ ಬಂದರೂ, ಆಟೋಫೋಕಸ್ ಇದೆಯೇ ಎಂದು ಕೇಳಬೇಕಾಗಿಲ್ಲ. ಬೆಲೆಯ ಆಕ್ಷೇಪವೂ ಒಂದಿದೆ: ಅಮೆರಿಕದಲ್ಲಿ ಬಿಡುಗಡೆಯಾದಾಗ ಲೆನ್ಸು ಸೇರಿ ಡಿ40ಗೆ 599 ಡಾಲರ್, 400ಡಿಗೆ 899. ಹೊಸದಾಗಿ ಕೊಳ್ಳುವ ಕಾಲದಲ್ಲಿ ಆ 300 ಡಾಲರಿಗೆ ದೊಡ್ಡ ತೂಕವಿತ್ತು. ಹಳೆಯ ಮಾಲಿನ ಪೇಟೆಯಲ್ಲಿ ಆ ಅಂತರ ಕರಗಿಹೋಗಿದೆ.

ಲೆನ್ಸು ಬದಲಿಸುವುದೆಂದರೆ ಧೂಳಿಗೆ ಬಾಗಿಲು ತೆರೆಯುವುದು. ಒಂದೇ ಲೆನ್ಸಿನಲ್ಲಿ ಉಳಿದವರಿಗೆ ಇದರ ಕಾಟ ಕಡಿಮೆ. ಎರಡನೆಯದು ಬಂದ ಕೂಡಲೇ ಆಕಾಶದ ಚಿತ್ರಗಳಲ್ಲಿ ಬೂದು ಚುಕ್ಕೆಗಳು ಏಳುತ್ತವೆ. 400ಡಿ ಆನ್, ಆಫ್ ಆದಾಗಲೆಲ್ಲ ಸೆನ್ಸರಿನ ಮುಂದಿನ ಗಾಜನ್ನು ನಡುಗಿಸಿ ಧೂಳು ಉದುರಿಸುತ್ತದೆ. ಇಒಎಸ್ ಸಾಲಿನಲ್ಲಿ ಈ ವ್ಯವಸ್ಥೆ ಬಂದದ್ದು ಇದರಲ್ಲೇ ಮೊದಲು. ಅಂಟಿಕೊಂಡ ಧೂಳನ್ನು ಅದೂ ಬಿಡಿಸಲಾರದು. ಡಿ40ರಲ್ಲಿ ಅಷ್ಟೂ ಇಲ್ಲ, ರಬ್ಬರ್ ಬ್ಲೋಯರ್ ಹಿಡಿದು ಊದುತ್ತಿರಬೇಕು. ಹಾಗೆಯೇ 400ಡಿಯ ಲೆನ್ಸು ಮೌಂಟಿನ ಪಕ್ಕದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಅಪರ್ಚರ್ ಕಿರಿದಾಗಿ ವ್ಯೂಫೈಂಡರ್ ಕತ್ತಲಾಗುತ್ತದೆ, ಮಸುಕಾಗಿದ್ದ ಹಿನ್ನೆಲೆಯ ಗಿಡ, ಕಂಬ, ಗೋಡೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ತೆಗೆದ ಮೇಲೆ ಪರದೆಯಲ್ಲಿ ನೋಡಿದರೂ ತಿಳಿಯುತ್ತದಲ್ಲ ಎನ್ನಬಹುದು. ತೆಗೆಯುವ ಮೊದಲೇ ಕಂಡರೆ ಚೌಕಟ್ಟನ್ನೇ ಬೇರೆ ರೀತಿ ಕಟ್ಟುತ್ತೇವೆ. ಡಿ40ರಲ್ಲಿ ಈ ಗುಂಡಿ ಇಲ್ಲ. ಫೋಕಸ್ ಬಿಂದುಗಳೂ ಅದರಲ್ಲಿ ಮೂರೇ, 400ಡಿಯಲ್ಲಿ ಒಂಬತ್ತು.

ಡಿ40ರ ಪರವಾಗಿ ಈಚೆಗೆ ಕೇಳಿಬರುತ್ತಿರುವ ಇನ್ನೊಂದು ಮಾತು ಸಿಸಿಡಿ ಬಣ್ಣದ್ದು: ಆ ಸೆನ್ಸರಿನ ಬಣ್ಣದಲ್ಲಿ ಫಿಲ್ಮಿನ ಸೊಬಗಿದೆ, ಕ್ಯಾನನ್‌ನ ಸಿಮಾಸ್‌ನಲ್ಲಿ ಇಲ್ಲ ಎಂದು. ಡಿ40ರ ಜೆಪೆಗ್ ಚಿತ್ರಗಳು ಕಣ್ಣಿಗೆ ಹಿತ ಎಂಬುದು ನಿಜ. ಆದರೆ ಬಣ್ಣ ಹುಟ್ಟುವುದು ಸೆನ್ಸರಿನ ಮೇಲಿನ ಬಣ್ಣದ ಫಿಲ್ಟರುಗಳಿಂದ, ಆಮೇಲೆ ಕ್ಯಾಮೆರಾದೊಳಗಿನ ಸಂಸ್ಕರಣೆಯಿಂದ. ಬೆಳಕಿನ ವಿದ್ಯುತ್ತನ್ನು ಸಿಸಿಡಿ ಹೊತ್ತು ತರುತ್ತದೋ ಸಿಮಾಸ್ ಹೊತ್ತು ತರುತ್ತದೋ ಎಂಬುದರಿಂದಲ್ಲ. ಡಿ40ರ ಮೀಟರು ಚಿತ್ರವನ್ನು ಬೆಳಗಿಸುವ ಕಡೆ ವಾಲುತ್ತದೆ, 400ಡಿಯದು ಕತ್ತಲಿಸುವ ಕಡೆ. ಮೊದಲ ನೋಟಕ್ಕೆ ಬೆಳಗಿದ್ದೇ ಚೆಂದ ಕಾಣುವುದು ಸಹಜ. ಅದೇ ಡಿ40ರಲ್ಲಿ ಬಿಸಿಲಿಗೆ ನಿಂತವರ ಬಿಳಿ ಪಂಚೆ ಸುಟ್ಟು, ಮಡಿಕೆಗಳೆಲ್ಲ ಮಾಯವಾಗಿ ಬರಿ ಬಿಳಿ ಉಳಿಯುತ್ತದೆ. ರಾ ಕಡತದಲ್ಲಿ ತೆಗೆದು ಎರಡನ್ನೂ ಸಮ ಮಾಡಿದ ಮೇಲೆ ಈ ಸೊಬಗಿನ ಬಹುಪಾಲು ಸರಿದೂಗುತ್ತದೆ.

400ಡಿಗೂ ಇಂದು ಒಂದು ತೊಡಕಿದೆ, ಅದನ್ನು ಮುಚ್ಚಿಡುವಂತಿಲ್ಲ. ಅದು ಬಳಸುವುದು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು. ಡಿ40ಗೆ ಬೇಕಾದ ಎಸ್‌ಡಿ ಕಾರ್ಡು ಮೊಬೈಲ್ ಅಂಗಡಿಯಲ್ಲೂ ಸಿಕ್ಕೀತು. ಕಾಂಪ್ಯಾಕ್ಟ್ ಫ್ಲಾಶನ್ನು ಹುಡುಕಬೇಕು, ಓದಲು ಬೇರೆ ರೀಡರೂ ಬೇಕು. ಕಾರ್ಡಿನ ಗೂಡಿನಲ್ಲಿ ಸೂಜಿಯಂಥ ಪಿನ್ನುಗಳ ಎರಡು ಸಾಲಿವೆ, ಓರೆಯಾಗಿ ತುರುಕಿದರೆ ಬಾಗುತ್ತವೆ. ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಆ ಸಾಲುಗಳು ನೆಟ್ಟಗಿವೆಯೇ ಎಂದು ನೋಡಲೇಬೇಕು. ಮನೆಮಂದಿ, ಮಕ್ಕಳು, ಹಬ್ಬಗಳ ಚಿತ್ರವನ್ನು ಒಂದೇ ಲೆನ್ಸಿನಲ್ಲಿ ತೆಗೆದುಕೊಂಡಿರುತ್ತೇನೆ, ಬಿಸಿಲಿನ ಫ್ಲಾಶ್ ನನಗೆ ಮುಖ್ಯ ಎನ್ನುವವರು ಹಿಂದೆಮುಂದೆ ನೋಡದೆ ಡಿ40 ತೆಗೆದುಕೊಳ್ಳಲಿ. ಕಲಿಯಲೆಂದು ಕೊಳ್ಳುವವರಿಗೆ ನಾನು ಹೇಳುವುದು 400ಡಿ, ಅದೂ ಬರಿಯ ಬಾಡಿ. ಆ ಮಂಕು 18-55ಕ್ಕೆ ಕೊಡುವ ಹಣವನ್ನು ಉಳಿಸಿ ಅದೇ ದಿನ 50 ಎಂಎಂ ಎಫ್/1.8 ಕೊಂಡು ಮನೆಗೆ ಹೋಗಲಿ.